ಕತ್ತಲಲ್ಲಿ ಕೈಗೆ ಬರುವ ಹಕ್ಕಿ

ಹಗಲಿನಲ್ಲಿ ಅದನ್ನು ಹಿಡಿಯಲು ಹೋಗಿ ನೋಡಿ! ಹದಿನೈದು ಕಿಲೋ ತೂಗುವ ಹುಂಜ. ಕಾಲಿನ ಹಿಂದೆ ಚೂಪು ಮುಳ್ಳು. ರೆಕ್ಕೆಯ ಗೆಣ್ಣು ಮುಖಕ್ಕೆ ಬಡಿದರೆ ಮೂಗಿನಿಂದ ರಕ್ತ. ನೀವು ಎರಡು ಹೆಜ್ಜೆ ಹತ್ತಿರ ಹೋಗುವಷ್ಟರಲ್ಲಿ ಅದು ಹತ್ತು ಹೆಜ್ಜೆ ದೂರ. ನೀವು ಓಡಿದರೆ ಅದು ನಿಮಗಿಂತ ಜೋರಾಗಿ ಓಡುತ್ತದೆ, ಮೂಲೆಗೆ ಒತ್ತಿದರೆ ನಿಂತ ನೆಲದಿಂದ ನೆಟ್ಟಗೆ ಮೇಲೆದ್ದು ಬೇಲಿ ದಾಟುತ್ತದೆ. ಹೇಂಟೆಗಳಂತೂ ಕೊಟ್ಟಿಗೆಯ ಮಾಡು ಹತ್ತಿ, ಅಲ್ಲಿಂದ ಮರದ ಕೊಂಬೆಗೆ ಹಾರಿ, ಕತ್ತು ಕೊಂಕಿಸಿ ನಿಮ್ಮನ್ನೇ ನೋಡುತ್ತ ಕೂರುತ್ತವೆ. ಈಗ ಸ್ವಲ್ಪ ತಾಳಿ. ಸೂರ್ಯ ಮುಳುಗಲಿ. ಮುಕ್ಕಾಲು ಗಂಟೆ ಕಳೆಯಲಿ. ಅರವತ್ತು ದಾಟಿದ ಹೆಂಗಸೊಬ್ಬರು, ಬಲೆಯಿಲ್ಲ, ಕೋಲಿಲ್ಲ, ಜೊತೆಗೆ ಆಳೂ ಇಲ್ಲ, ಅದೇ ಹುಂಜವನ್ನು ಕೂತ ತೊಲೆಯ ಮೇಲಿಂದ ಎತ್ತಿ ಕಂಕುಳಿಗೆ ಸೇರಿಸಿಕೊಂಡು ನಡೆದು ಬರುತ್ತಾರೆ!

ನಾನಿದನ್ನು ಕಂಡದ್ದು ಅಮೆರಿಕದ ಕೆಂಟಕಿ ರಾಜ್ಯದ ಒಂದು ಸಣ್ಣ ಫಾರಂನಲ್ಲಿ. ಸುಣ್ಣಕಲ್ಲಿನ ನೆಲ, ಹುಲ್ಲುಗಾವಲು, ಕುದುರೆ ಸಾಕುವವರ ಸೀಮೆ. ಅಲ್ಲಿನ ಬರ್ಬನ್ ಕೌಂಟಿಯ ಹೆಸರನ್ನು ಹೊತ್ತ ಟರ್ಕಿ ತಳಿಯೊಂದಿದೆ: ಬರ್ಬನ್ ರೆಡ್. ಜೆ. ಎಫ್. ಬಾರ್ಬಿ ಎಂಬ ರೈತ 19ನೇ ಶತಮಾನದ ಕೊನೆಯಲ್ಲಿ ವರ್ಷಗಟ್ಟಲೆ ಆಯ್ದು ಆಯ್ದು ರೂಪಿಸಿದ್ದು. 1909ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅದಕ್ಕೆ ತಳಿಯ ಮಾನ್ಯತೆ ಕೊಟ್ಟಿತು. ಮೈಯೆಲ್ಲ ಕೆಂಗಂದು, ರೆಕ್ಕೆಯೂ ಬಾಲವೂ ಬಿಳಿ, ಬಾಲದ ಬಿಳಿಯ ತುದಿಯಲ್ಲಿ ತಿಳಿಗೆಂಪಿನ ಒಂದು ಪಟ್ಟಿ. ಸಂಜೆಯ ಓರೆ ಬಿಸಿಲಿನಲ್ಲಿ ಹುಂಜ ಬಾಲ ಬಿಚ್ಚಿ ನಿಂತರೆ ಕಣ್ಣು ಕೀಳಲು ಆಗುವುದಿಲ್ಲ.

ಇದು ನಮ್ಮಲ್ಲಿ ಹೆಚ್ಚು ಜನ ಚಿತ್ರಗಳಲ್ಲಿ ನೋಡಿರುವ ದಪ್ಪ ಬಿಳಿ ಟರ್ಕಿ ಅಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸಾಕುವ ಸುಮಾರು 20 ಕೋಟಿ ಟರ್ಕಿಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಅಗಲ ಎದೆಯ ಆ ಒಂದೇ ಬಿಳಿ ಜಾತಿ. ಅದರ ಎದೆಯ ಮಾಂಸ ಎಷ್ಟು ಬೆಳೆದಿದೆಯೆಂದರೆ ಹುಂಜ ಹೇಂಟೆಯನ್ನು ಕೂಡಲಾರದು. ಪ್ರತಿ ಮರಿಯೂ ಮನುಷ್ಯ ಮಾಡಿಸುವ ಕೃತಕ ಗರ್ಭಧಾರಣೆಯಿಂದಲೇ ಹುಟ್ಟಬೇಕು. ಹಾರುವ ಮಾತಂತೂ ದೂರ. ಬರ್ಬನ್ ರೆಡ್‌ನಂಥ ಹಳೆಯ ತಳಿ ಹೆರಿಟೇಜ್ ಟರ್ಕಿ ಎನಿಸಿಕೊಳ್ಳಬೇಕಾದರೆ ಮೂರು ಗುಣ ಇರಬೇಕೆಂದು ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಗೆರೆ ಎಳೆದಿದೆ. ತಾನೇ ಕೂಡಿ ಮರಿ ಮಾಡಬೇಕು. ಹೊರಗಿನ ಬಿಸಿಲು ಗಾಳಿಯಲ್ಲಿ ಬಹುಕಾಲ ಬಾಳಬೇಕು, ಹೇಂಟೆಯಾದರೆ ಐದರಿಂದ ಏಳು ವರ್ಷ, ಹುಂಜವಾದರೆ ಮೂರರಿಂದ ಐದು ವರ್ಷ ಸಂತಾನಕ್ಕೆ ಬರಬೇಕು. ಮತ್ತು ನಿಧಾನವಾಗಿ ಬೆಳೆಯಬೇಕು, ಮಾರುವ ತೂಕಕ್ಕೆ ಬರಲು ಸುಮಾರು 28 ವಾರ. ಮೂಳೆ ಮೊದಲು, ಮಾಂಸ ಆಮೇಲೆ. ಇಷ್ಟೇ. ಆದರೆ 1997ರಲ್ಲಿ ಇದೇ ಸಂಸ್ಥೆ ದೇಶವೆಲ್ಲ ಹುಡುಕಿ ಎಣಿಸಿದಾಗ, ಈ ಎಲ್ಲ ಹಳೆಯ ತಳಿಗಳದ್ದೂ ಸೇರಿ ಸಂತಾನಕ್ಕೆ ಉಳಿದಿದ್ದ ಹಕ್ಕಿಗಳು 1,335! ಒಂದು ದೇಶದ ಹಳೆಯ ಟರ್ಕಿ ಸಂಪತ್ತೆಲ್ಲ ನಾಲ್ಕಾರು ಲಾರಿಗಳಲ್ಲಿ ಹಿಡಿಸುವಷ್ಟಕ್ಕೆ ಇಳಿದಿತ್ತು.

ಆ ಹೊತ್ತಿಗೆ ಅವುಗಳನ್ನು ಬಿಡದೆ ಸಾಕುತ್ತಿದ್ದವರು ಬೆರಳೆಣಿಕೆಯ ಜನ. ಕಾನ್ಸಾಸ್‌ನ ಲಿಂಡ್ಸ್‌ಬರ್ಗ್‌ನ ಫ್ರಾಂಕ್ ರೀಸ್ ಅವರಲ್ಲೊಬ್ಬರು. ಹಳೆಯ ತಲೆಮಾರಿನ ಸಾಕಣೆಗಾರರಿಂದ ಕಂಚು ಬಣ್ಣದ ತಳಿಯ ಹಕ್ಕಿಗಳನ್ನು ಪಡೆದು ಆ ರಕ್ತ ಕಡಿಯದಂತೆ ನೋಡಿಕೊಂಡವರು. ಆಮೇಲೆ ಊರೂರಿನ ಹಳೆಯ ಆಹಾರ ಉಳಿಸಲು ನಿಂತ ಸ್ಲೋ ಫುಡ್ ಚಳವಳಿಯವರೂ ಜೊತೆಯಾದರು. ಜನ ಕೇಳಿ ಕೊಳ್ಳತೊಡಗಿದರು, ಕೊಳ್ಳುವವರಿದ್ದುದರಿಂದ ಸಾಕುವವರು ಹುಟ್ಟಿಕೊಂಡರು, 2006ರ ಹೊತ್ತಿಗೆ ಸಂತಾನದ ಹಕ್ಕಿಗಳು 8,800ರ ಸುಮಾರಿಗೆ ಏರಿದವು. ಈ ಲೆಕ್ಕವನ್ನು ಓದಿಕೊಂಡೇ ಹೋಗಿದ್ದೆ. ಆದರೆ ಲೆಕ್ಕದಲ್ಲಿ ಬರೆದಿರದ ಒಂದು ಸಂಗತಿ ಕೆಂಟಕಿಯ ಆ ಹುಲ್ಲುಗಾವಲಿನಲ್ಲಿ ಎದುರಾಯಿತು. ಇಷ್ಟೊಂದು ಕಾಡುತನ ಉಳಿಸಿಕೊಂಡಿರುವ ಹಕ್ಕಿಯ ತಳಿ ಉಳಿಯಬೇಕಾದರೆ ಪ್ರತಿ ವರ್ಷ ಪ್ರತಿಯೊಂದು ಹಕ್ಕಿಯೂ ಯಾರದೋ ಕೈಗೆ ಬರಲೇಬೇಕು!

ಯಾಕೆಂದರೆ ತಳಿಯ ಗುಣ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಗರಿಯ ಒಳಗೆ ಎದೆಮೂಳೆ ನೆಟ್ಟಗಿದೆಯೋ ಸೊಟ್ಟಗಿದೆಯೋ, ಎದೆ ಎಷ್ಟು ಅಗಲ, ತೊಡೆ ಎಷ್ಟು ಗಟ್ಟಿ, ಇದೆಲ್ಲ ಬೆರಳಿಗೇ ಗೊತ್ತಾಗಬೇಕು. ತೂಕ ಹಾಕಬೇಕು. ಕಾಲಿಗೆ ಗುರುತಿನ ಬಳೆ ತೊಡಿಸಬೇಕು. ಗರಿ ಸರಿಸಿ ಹೇನು ಹುಡುಕಬೇಕು. ಯಾವ ಹುಂಜದ ಮನೆಗೆ ಯಾವ ಹೇಂಟೆ ಎಂದು ಗೊತ್ತು ಮಾಡಿ ಸಾಗಿಸಬೇಕು. ಇಲ್ಲೊಂದು ಅಚ್ಚರಿ ಕೇಳಿ. ಹುಂಜದಿಂದ ಬೇರೆ ಮಾಡಿದ ಹೇಂಟೆ ಮರುದಿನವೇ ಹೊಸ ಹುಂಜದ ಸಂತಾನ ಕೊಡುತ್ತದೆ ಎಂದುಕೊಳ್ಳಬೇಡಿ. ಹೇಂಟೆಯ ಮೊಟ್ಟೆನಾಳದಲ್ಲಿ ಕೂದಲೆಳೆಗಿಂತ ಸಣ್ಣ ಕೊಳವೆಗಳಿವೆ, ಗಂಡಿನ ವೀರ್ಯಾಣುಗಳು ಅಲ್ಲಿ ವಾರಗಟ್ಟಲೆ, ಕೆಲವೊಮ್ಮೆ ಹತ್ತು ವಾರದವರೆಗೂ ಜೀವ ಹಿಡಿದುಕೊಂಡಿರುತ್ತವೆ! ಹಾಗಾಗಿ ತಳಿ ಕಾಯುವವರು ಹೇಂಟೆಯನ್ನು ಹಿಡಿದು ಬೇರೆ ಮಾಡಿ, ಕಾದು, ಆಮೇಲೆ ಹೊಸ ಮನೆಗೆ ಬಿಡುತ್ತಾರೆ. ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಒಮ್ಮೆ ಹೆದರಿಸಿ ಹಿಡಿದರೆ ಎರಡನೆಯ ಸಲ ಹಕ್ಕಿ ಹತ್ತಿರ ಬಾರದು.

ಹಾಗಾದರೆ ಹೆದರಿಸದೆ ಹಿಡಿಯುವುದು ಹೇಗೆ? ಫಾರಂ ಒಡತಿ ನನ್ನನ್ನು ಹಗಲಲ್ಲಿ ಮೊದಲು ಹುಲ್ಲುಗಾವಲಿಗೆ ಕರೆದುಕೊಂಡು ಹೋದರು. ಕೈಯಲ್ಲಿ ಎರಡು ಉದ್ದನೆಯ ಪ್ಲಾಸ್ಟಿಕ್ ಪೈಪು, ತುದಿಗೆ ಬಟ್ಟೆಯ ಚೂರು. "ಇದು ಹೊಡೆಯುವುದಕ್ಕಲ್ಲ, ನನ್ನ ಕೈ ಉದ್ದ ಮಾಡಿಕೊಳ್ಳುವುದಕ್ಕೆ" ಎಂದರು. ಎರಡೂ ಪೈಪುಗಳನ್ನು ನೆಲದ ಮಟ್ಟದಲ್ಲಿ ಅಗಲಕ್ಕೆ ಚಾಚಿ ಹಿಂಡಿನ ಹಿಂದೆ ನಿಂತರು. ನಡೆಯಲಿಲ್ಲ, ಬರೀ ನಿಂತರು. ಇಡೀ ಹಿಂಡು ಕತ್ತೆತ್ತಿತು. ಅರ್ಧ ಹೆಜ್ಜೆ ಎಡಕ್ಕೆ ಇಟ್ಟರು, ಹಿಂಡಿನ ಬಲತುದಿ ಹೊರಳಿತು. ಅರ್ಧ ಹೆಜ್ಜೆ ಬಲಕ್ಕೆ, ಎಡತುದಿ ಸೇರಿಕೊಂಡಿತು. ಮುಂದಿನ ಹಳೆಯ ಹೇಂಟೆಯೊಂದು ದೊಡ್ಡಿಯ ಬಾಗಿಲಿನ ಕಡೆ ಹೆಜ್ಜೆ ಹಾಕಿದ್ದೇ ತಡ, ಉಳಿದವೆಲ್ಲ ಅದರ ಹಿಂದೆ! ಒಂದೇ ಒಂದು ಕೂಗಿಲ್ಲ, ಓಟವಿಲ್ಲ. ಎದುರಿಗೆ ಎರಡು ಬೇಲಿಗಳು ಅಗಲದಿಂದ ಕಿರಿದಾಗುತ್ತ ಹೋಗಿ ಸಣ್ಣ ದೊಡ್ಡಿಯಲ್ಲಿ ಮುಗಿಯುತ್ತವೆ. ಹಿಂಡು ತಾನೇ ನಡೆದುಕೊಂಡು ಒಳಗೆ ಹೋಗಿ ನಿಂತಿತು.

"ಕೈ ಮೇಲೆತ್ತಬೇಡಿ!" ನಾನು ಟೋಪಿ ಸರಿಮಾಡಿಕೊಳ್ಳಲು ಹೋದಾಗ ಅವರು ಪಿಸುಗುಟ್ಟಿದರು. ಅಷ್ಟರಲ್ಲೇ ಒಂದು ಹೇಂಟೆಯ ಗಂಟಲಿನಿಂದ ಚುರುಕಾಗಿ "ಪಟ್" ಎಂದು ಸದ್ದು ಬಂತು, ಹಿಂಡಿನ ಅಷ್ಟೂ ಕತ್ತುಗಳು ಏಕಕಾಲಕ್ಕೆ ಸೆಟೆದವು. ಈ ಹಕ್ಕಿಗೆ ಸಾವು ಮೇಲಿನಿಂದ ಬರುತ್ತದೆ, ಹದ್ದು ಗಿಡುಗ ಗೂಬೆಗಳ ರೂಪದಲ್ಲಿ. ತಲೆಗಿಂತ ಎತ್ತರದಲ್ಲಿ ಏನು ಅಲುಗಿದರೂ ಅದಕ್ಕೆ ರೆಕ್ಕೆಯೇ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಕತ್ತು ಅಲುಗಿಸದೆಯೇ ಸುಮಾರು 270 ಡಿಗ್ರಿ ಕಾಣುತ್ತದೆ, ಚೂರು ತಿರುಗಿಸಿದರೆ ಪೂರ್ತಿ ಸುತ್ತು. ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ. ಅಂಥ ಕಣ್ಣನ್ನು ಹಿಂದಿನಿಂದ ಹೋಗಿ ವಂಚಿಸಲು ಸಾಧ್ಯವೇ?

ಓಡಿಸಿ ಹಿಡಿಯಬಾರದು ಎಂಬುದಕ್ಕೆ ಮರ್ಯಾದೆಗಿಂತ ಗಟ್ಟಿಯಾದ ಕಾರಣವೂ ಇದೆ. ಟರ್ಕಿಯ ಎದೆಯ ಮಾಂಸ ಬಿಳಿ, ತೊಡೆಯದು ಕಪ್ಪು. ತಟ್ಟೆಯ ಮೇಲೆ ಎಲ್ಲರೂ ನೋಡಿರುವ ಈ ವ್ಯತ್ಯಾಸವೇ ಹಕ್ಕಿಯ ಜೀವನಚರಿತ್ರೆ! ತೊಡೆ ದಿನವಿಡೀ ನಡೆಯಬೇಕು, ಅದಕ್ಕೆ ಆಮ್ಲಜನಕ ಹಿಡಿದಿಡುವ ಕೆಂಪು ಬಣ್ಣಕ ಬೇಕು, ಆದ್ದರಿಂದ ಕಪ್ಪು. ಎದೆಯ ಸ್ನಾಯುವಿನ ಕೆಲಸ ಒಂದೇ: ಅಪಾಯ ಬಂದಾಗ ನಿಂತಲ್ಲಿಂದ ಸಿಡಿದು ಮೇಲೇಳುವುದು. ಕೆಲವು ಕ್ಷಣದ ಮಹಾ ಬಲ, ಆಮೇಲೆ ತೇಲುತ್ತ ಇಳಿಯುವುದು. ಆ ಸ್ನಾಯು ಬೇಗ ದಣಿಯುತ್ತದೆ. ಅಟ್ಟಾಡಿಸಿದರೆ ಮತ್ತೆ ಮತ್ತೆ ಸಿಡಿಯುತ್ತದೆ, ಮೈ ಕಾಯುತ್ತದೆ, ಸ್ನಾಯುವಿನಲ್ಲಿ ಆಮ್ಲ ತುಂಬುತ್ತದೆ, ಸ್ನಾಯುವಿನ ಎಳೆಗಳೇ ಹಾಳಾಗುತ್ತವೆ. ಹಿಡಿದಾಗ ಚೆನ್ನಾಗಿಯೇ ಕಾಣುತ್ತಿದ್ದ ಹಕ್ಕಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಸತ್ತು ಬೀಳುತ್ತದೆ. ಕಾಡು ಟರ್ಕಿಗಳನ್ನು ಹಿಡಿದು ಸಾಗಿಸುವವರು ಇದನ್ನು ಕಣ್ಣಾರೆ ಕಂಡಿದ್ದಾರೆ.

ಕಾಡು ಟರ್ಕಿಯ ಕಥೆಯಂತೂ ಹಿಡಿಯುವ ಕಲೆಯದೇ ಕಥೆ. ಬೇಟೆ ಮತ್ತು ಕಾಡು ಕಡಿತದಿಂದ 20ನೇ ಶತಮಾನದ ಆರಂಭದಲ್ಲಿ ಅವು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇಲ್ಲವಾಗಿದ್ದವು. ಸರ್ಕಾರಗಳು ಫಾರಂಗಳಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟವು. ಅವು ಬದುಕಲಿಲ್ಲ. ಮೊಟ್ಟೆಯಿಂದ ಯಂತ್ರದಲ್ಲಿ ಹೊರಬಂದ ಮರಿಗೆ ಹದ್ದಿನ ನೆರಳು ಎಂದರೇನೆಂದು ಹೇಳಿಕೊಡುವ ತಾಯಿಯೇ ಇರಲಿಲ್ಲ. ಉಳಿದ ದಾರಿಯೆಂದರೆ ಉಳಿದಿರುವ ನಿಜವಾದ ಕಾಡುಹಕ್ಕಿಗಳನ್ನೇ ಹಿಡಿದು ಬೇರೆ ಕಾಡಿಗೆ ಒಯ್ಯುವುದು. ಆದರೆ ಹಿಡಿಯುವುದು ಹೇಗೆ? 1951ರಲ್ಲಿ ಸೌತ್ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮೆಕ್ಕೆಜೋಳದ ಕಾಳು ಚೆಲ್ಲಿ, ದಿನಗಟ್ಟಲೆ ಹಕ್ಕಿಗಳಿಗೆ ಆ ಜಾಗ ರೂಢಿ ಮಾಡಿಸಿ, ಹಿಂಡು ತಲೆ ತಗ್ಗಿಸಿ ತಿನ್ನುವ ಕ್ಷಣ ನೋಡಿ ಸಣ್ಣ ಫಿರಂಗಿಗಳಿಂದ ಬಲೆಯೊಂದನ್ನು ಅವುಗಳ ಮೇಲೆ ಹಾರಿಸುವುದು! ಓಡಲು, ಹಾರಲು ವ್ಯವಧಾನವೇ ಇಲ್ಲ. ತಕ್ಷಣ ಒಂದೊಂದನ್ನೇ ಕತ್ತಲೆಯ ರಟ್ಟಿನ ಪೆಟ್ಟಿಗೆಗೆ ಹಾಕುವುದು. ಪೆಟ್ಟಿಗೆಯೊಳಗಿನ ಕತ್ತಲು ಅವನ್ನು ತಣ್ಣಗಿಡುತ್ತದೆ. ಹೀಗೆ ಹಿಡಿದು ಬಿಟ್ಟ ಹಕ್ಕಿಗಳ ಸಂತಾನವೇ ಇಂದು ಅಮೆರಿಕದಲ್ಲಿ ಲಕ್ಷಗಟ್ಟಲೆ ಓಡಾಡುತ್ತಿರುವುದು.

ಕತ್ತಲು! ಎಲ್ಲ ದಾರಿಯೂ ಅಲ್ಲಿಗೇ ಬಂದು ಸೇರುತ್ತದೆ. ಹಗಲಲ್ಲಿ ಅಷ್ಟು ಬಲ್ಲ ಕಣ್ಣು ಇರುಳಲ್ಲಿ ಏನೂ ಅರಿಯದು. ಮುಸ್ಸಂಜೆಗೆ ಎತ್ತರದ ಜಾಗ ಸೇರಿಕೊಂಡರೆ ಬೆಳಗಿನ ತನಕ ಕದಲುವುದಿಲ್ಲ. ರೈಲು ಲಾರಿಗಳಿಲ್ಲದ ಕಾಲದಲ್ಲಿ ಟರ್ಕಿಗಳನ್ನು ಸಾವಿರಗಟ್ಟಲೆ ನಡೆಸಿಕೊಂಡೇ ಪೇಟೆಗೆ ಒಯ್ಯುತ್ತಿದ್ದರು, ವರ್ಮಾಂಟಿನಿಂದ ಬಾಸ್ಟನ್ನಿಗೆ, ಇಂಗ್ಲೆಂಡಿನಲ್ಲಾದರೆ ನಾರ್ಫೋಕ್‌ನಿಂದ ಲಂಡನ್ನಿಗೆ. ಎಲ್ಲಿ ತಂಗಬೇಕೆಂದು ನಡೆಸುವವರು ನಿರ್ಧರಿಸುವಂತಿರಲಿಲ್ಲ, ಹಕ್ಕಿಗಳು ನಿರ್ಧರಿಸುತ್ತಿದ್ದವು. ಬೆಳಕು ಇಳಿಯಿತೋ, ಹಿಂಡಿಗೆ ಹಿಂಡೇ ಹತ್ತಿರದ ಮರಕ್ಕೆ, ಮನೆಯ ಮಾಡಿಗೆ ಹಾರಿ ಕೂತುಬಿಡುತ್ತಿತ್ತು. ನ್ಯೂ ಇಂಗ್ಲೆಂಡಿನಲ್ಲಿ ಮಾಡು ಹೊದಿಸಿದ ಮರದ ಸೇತುವೆಗಳಿವೆ. ಒಳಗೆ ಕಾಲಿಟ್ಟ ಟರ್ಕಿಗಳು ರಾತ್ರಿಯಾಯಿತೆಂದು ತಿಳಿದು ಸೇತುವೆಯ ನಡುವೆಯೇ ನಿಂತುಬಿಡುತ್ತಿದ್ದವು, ಅವನ್ನು ಎತ್ತಿಕೊಂಡೇ ಆಚೆ ದಾಟಿಸಬೇಕಾಗುತ್ತಿತ್ತು ಎಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. 1866ರಲ್ಲಿ ಹೆನ್ರಿ ಹೂಕರ್ ಎಂಬಾತ ಕ್ಯಾಲಿಫೋರ್ನಿಯಾದ ಪ್ಲಾಸರ್‌ವಿಲ್‌ನಿಂದ ಸುಮಾರು 500 ಟರ್ಕಿಗಳನ್ನು ನಾಯಿಗಳ ಸಹಾಯದಿಂದ ಸಿಯೆರಾ ನೆವಾಡಾ ಪರ್ವತ ದಾಟಿಸಿ ಕಾರ್ಸನ್ ಸಿಟಿಗೆ ನಡೆಸಿದ. ಪ್ರಪಾತದ ಅಂಚಿನಲ್ಲಿ ನಾಯಿಗಳು ಒತ್ತಿದಾಗ ಅಷ್ಟೂ ಹಕ್ಕಿಗಳು ರೆಕ್ಕೆ ಬಿಚ್ಚಿ ಕಣಿವೆಗೆ ಹಾರಿಬಿಟ್ಟವು. ಕೆಳಗಿಳಿದು ನೋಡಿದರೆ ಎಲ್ಲವೂ ಅಲ್ಲೇ! ಒಂದೊಂದನ್ನು ಐದು ಡಾಲರಿಗೆ ಮಾರಿ, ಆ ದುಡ್ಡಿನಿಂದ ಮುಂದೆ ಅರಿಜೋನಾದಲ್ಲಿ ದೊಡ್ಡ ದನಗಾಹಿ ಜಮೀನುದಾರನಾದ.

ಈಗ ಆ ರಾತ್ರಿಗೆ ಬರೋಣ. ಚಂದ್ರ ಇಲ್ಲದ ರಾತ್ರಿಯನ್ನೇ ಒಡತಿ ಆರಿಸಿಕೊಂಡಿದ್ದರು. ಹಣೆಗೆ ಕಟ್ಟಿದ ಟಾರ್ಚಿಗೆ ನೀಲಿ ಕಾಗದ. ಮಂದ ನೀಲಿ ಬೆಳಕಿನಲ್ಲಿ ಕೋಳಿಗಳು ಗಾಬರಿಯಾಗುವುದಿಲ್ಲವೆಂದು ದೊಡ್ಡ ಶೆಡ್ಡುಗಳಲ್ಲಿ ಹಿಡಿಯುವವರೂ ಇದನ್ನೇ ಬಳಸುತ್ತಾರೆ. ಎದೆಮಟ್ಟದ ಅಗಲವಾದ ಮರದ ತೊಲೆಗಳ ಮೇಲೆ ಸಾಲಾಗಿ ಕೂತ ಹಕ್ಕಿಗಳಿಂದ ಸಣ್ಣಗೆ ಗುರುಗುರು ಸದ್ದು. ಅವರು ಮಾತಾಡುತ್ತಲೇ ಹೋದರು, ತಗ್ಗಿದ ದನಿಯಲ್ಲಿ, ಏನೇನೋ ಮನೆಮಾತು. ತಾನು ಬಂದದ್ದು ಅವಕ್ಕೆ ಗೊತ್ತಿರಲಿ ಎಂದು. ಒಂದು ಅಂಗೈಯನ್ನು ಹುಂಜದ ಎದೆಯ ಕೆಳಗೆ ತೂರಿಸಿ ಸುಮ್ಮನೆ ಇಟ್ಟರು. ಎಳೆಯಲಿಲ್ಲ. ಮೇಲಕ್ಕೆ ಎತ್ತಿದರು. ಮೈ ಎದ್ದಂತೆ ಮಡಿಸಿದ್ದ ಕಾಲು ನೆಟ್ಟಗಾಯಿತು, ಕಾಲು ನೆಟ್ಟಗಾದಂತೆ ತೊಲೆಯನ್ನು ಬಿಗಿದಿದ್ದ ಬೆರಳುಗಳು ತಾವಾಗಿ ಬಿಚ್ಚಿಕೊಂಡವು! ಆ ಹೊತ್ತಿಗೆ ಇನ್ನೊಂದು ಕೈ ಎರಡೂ ಕಾಲುಗಳನ್ನು ಒಟ್ಟಿಗೆ ಹಿಡಿದಿತ್ತು, ನಡುವೆ ಒಂದು ಬೆರಳು, ಮೂಳೆಗೆ ಮೂಳೆ ತಿಕ್ಕದ ಹಾಗೆ. ರೆಕ್ಕೆಗಳು ಮೈಗೆ ಒತ್ತಿ, ತಲೆ ಮೊಣಕೈಯ ಹಿಂದಕ್ಕೆ, ಎದೆ ಮುಂಗೈಯ ಮೇಲೆ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡ ಹಾಗೆ ಅಷ್ಟು ದೊಡ್ಡ ಹುಂಜ ಅವರ ಪಕ್ಕಕ್ಕೆ ಕೂತುಬಿಟ್ಟಿತು.

"ಬನ್ನಿ, ನೀವು ಹಿಡಿಯಿರಿ" ಎಂದು ಕೈಗೆ ಕೊಟ್ಟರು. ಆ ಬಿಸಿ! ಮನುಷ್ಯನ ಮೈಗಿಂತ ಎಷ್ಟೋ ಹೆಚ್ಚಿನ ಬಿಸಿ, ಗರಿಯ ಅಡಿಯಿಂದ ನನ್ನ ಅಂಗಿಗೆ ದಾಟುತ್ತಿತ್ತು. ಕಾಲಿನ ಹುರುಪೆಗಳು ಒಣಗಿ ನಯವಾಗಿದ್ದವು. ಎದೆಬಡಿತ ನನ್ನ ಮುಂಗೈಗೆ ನೇರ ತಾಗುತ್ತಿತ್ತು, ಮೊದಲು ಎಣಿಸಲಾಗದಷ್ಟು ಬೇಗ, ಆಮೇಲೆ ನಿಧಾನ. ಕಣ್ಣಿನ ಮೇಲೆ ಒಳರೆಪ್ಪೆಯೊಂದು ಪಕ್ಕದಿಂದ ಸರಿದು ಹೋಯಿತು. ಎದೆಯಲ್ಲಿ ಕುದುರೆಕೂದಲಿನಂಥ ಒರಟು ಗಡ್ಡ, ಅದೂ ಕೂದಲಲ್ಲ, ಒಂದು ಬಗೆಯ ಗರಿಯೇ. "ಬಿಗಿಯಾಗಿ ಅಪ್ಪಬೇಡಿ" ಎಂದು ಅವರು ನನ್ನ ತೋಳು ಸಡಿಲಿಸಿದರು. ಹಕ್ಕಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಮೂಳೆ ಹೊರಕ್ಕೆ ಒಳಕ್ಕೆ ಆಡಿದರೆ ಮಾತ್ರ ಗಾಳಿ ಓಡಾಡುವುದು. ಪ್ರೀತಿಯಿಂದ ಬಿಗಿದು ಅಪ್ಪಿಕೊಂಡರೂ ಉಸಿರು ನಿಲ್ಲುತ್ತದೆ. ತಲೆಕೆಳಗಾಗಿ ತೂಗುಹಾಕಿದರೆ ಒಳಗಿನ ಅಂಗಗಳ ಭಾರವೆಲ್ಲ ಗಾಳಿಚೀಲಗಳ ಮೇಲೆ. ಒಂದೇ ಕಾಲು ಹಿಡಿದರೆ ತೊಡೆಯ ಕೀಲು ತಪ್ಪುತ್ತದೆ. ಬಾಲ ಹಿಡಿದರೆ ಬಾಲವೇ ಕೈಯಲ್ಲಿ ಉಳಿಯುತ್ತದೆ, ಭಯವಾದಾಗ ಗರಿ ಉದುರಿಸಿ ತಪ್ಪಿಸಿಕೊಳ್ಳುವುದು ಈ ಜಾತಿಯ ಹಳೆಯ ಉಪಾಯ. ಹೊಸದಾಗಿ ಮೂಡುತ್ತಿರುವ ಗರಿಯ ಕಾಂಡದಲ್ಲಿ ರಕ್ತ ಹರಿಯುತ್ತಿರುತ್ತದೆ, ಅದು ಮುರಿದರೆ ಸುರಿಯುತ್ತದೆ. ಇಷ್ಟನ್ನು ಬಲ್ಲ ಕೈ ಬೇಕು.

ಬಲ್ಲ ಕಣ್ಣೂ ಬೇಕು, ಯಾಕೆಂದರೆ ಟರ್ಕಿ ತನ್ನ ಮನಸ್ಸನ್ನು ತಲೆಯ ಮೇಲೇ ಬರೆದುಕೊಂಡಿರುತ್ತದೆ! ಗರಿಯಿಲ್ಲದ ಆ ಬೋಳು ತಲೆ ಜಗಳಕ್ಕೆ ನಿಂತಾಗ ಕಡುಗೆಂಪು, ಹೇಂಟೆಯ ಮುಂದೆ ಮೆರೆಯುವಾಗ ನೀಲಿ, ನೆತ್ತಿ ಬಿಳಿ. ಕೊಕ್ಕಿನ ಬುಡದಿಂದ ಇಳಿಬೀಳುವ ಮಾಂಸದ ಜೋಲು ಮೆರೆಯುವಾಗ ಉದ್ದವಾಗಿ ಕೊಕ್ಕನ್ನೂ ದಾಟುತ್ತದೆ, ಹೆದರಿದಾಗ ಹೆಬ್ಬೆರಳ ತುದಿಯಷ್ಟಾಗಿ ಕುಗ್ಗುತ್ತದೆ. ನನ್ನ ತೋಳಿನಲ್ಲಿದ್ದ ಹುಂಜದ ಜೋಲು ಮೊದಲು ಮೊಟಕಾಗಿತ್ತು, ನೋಡನೋಡುತ್ತ ಸಡಿಲವಾಯಿತು. ಅವರು ಅದನ್ನೇ ಕಾಯುತ್ತಿದ್ದರು, ಆಮೇಲೆಯೇ ತಕ್ಕಡಿಗೆ ಇಟ್ಟದ್ದು.

ಈ ಬಣ್ಣ ಬದಲಾವಣೆಗೆ ಮಾರುಹೋದವರಲ್ಲಿ ಒಬ್ಬ ಚಕ್ರವರ್ತಿಯೂ ಇದ್ದಾನೆ. 1612ರಲ್ಲಿ ಮೊಗಲ್ ಆಸ್ಥಾನದ ಮುಕರ್ರಬ್ ಖಾನ್ ಗೋವಾದಲ್ಲಿ ಪೋರ್ಚುಗೀಸರಿಂದ ಕೊಂಡುತಂದ ವಿಚಿತ್ರ ಪ್ರಾಣಿಗಳಲ್ಲಿ ಒಂದು ಟರ್ಕಿಯೂ ಇತ್ತು. ಜಹಾಂಗೀರ ಅದನ್ನು ನೋಡಿ ಬೆರಗಾಗಿ, ತಲೆ ಕತ್ತುಗಳು ಕೆಂಪಾಗಿ, ಬೆಳ್ಳಗಾಗಿ, ನೀಲಿಯಾಗಿ ಬದಲಾಗುವುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ, ಆಸ್ಥಾನದ ಉಸ್ತಾದ್ ಮನ್ಸೂರ್‌ನಿಂದ ಚಿತ್ರ ಬರೆಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮೆಕ್ಸಿಕೋದ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿದ ಹಕ್ಕಿ, ಸ್ಪೇನಿನವರ ಹಡಗೇರಿ ಯುರೋಪಿಗೆ ಹೋಗಿ, ಒಂದು ಕವಲು ಗೋವಾ ಮುಟ್ಟಿ ಮೊಗಲರ ಅರಮನೆ ಸೇರಿದರೆ, ಇನ್ನೊಂದು ಕವಲು ವಲಸಿಗರ ಜೊತೆ ಮತ್ತೆ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೇ ಮರಳಿ, ಅಲ್ಲಿನ ಕಾಡು ಟರ್ಕಿಯೊಂದಿಗೆ ಕೂಡಿ ನರಗಾನ್ಸೆಟ್ ಮತ್ತು ಕಂಚಿನ ತಳಿಗಳಾಯಿತು. ಬಣ್ಣದ ಗುಟ್ಟು ಬಿಡಿಸಿದ್ದು ತೀರಾ ಈಚೆಗೆ. ಚರ್ಮದ ಕೆಳಗಿನ ಕೊಲಾಜೆನ್ ಎಳೆಗಳ ನಡುವೆ ರಕ್ತನಾಳಗಳಿವೆ, ಅವು ಉಬ್ಬಿ ಕುಗ್ಗಿದಂತೆ ಎಳೆಗಳ ಅಂತರ ಬದಲಾಗಿ ಬೆಳಕು ಚೆದರುವ ಬಗೆಯೇ ಬೇರೆಯಾಗುತ್ತದೆ. 2014ರಲ್ಲಿ ಬರ್ಕ್ಲಿಯ ವಿಜ್ಞಾನಿ ಸುಂಗ್-ವುಕ್ ಲೀ ತಂಡ ಇದೇ ತತ್ವದಿಂದ, ಗಾಳಿಯಲ್ಲಿ ಸ್ಫೋಟಕ ರಾಸಾಯನಿಕ ಸುಳಿದರೆ ಬಣ್ಣ ಬದಲಿಸುವ ಸಂವೇದಕ ಮಾಡಿ ತೋರಿಸಿತು!

ಕಾವಿಗೆ ಕೂತ ಹೇಂಟೆಯನ್ನು ಮುಟ್ಟುವ ರೀತಿಯೇ ಬೇರೆ. ಇಪ್ಪತ್ತೆಂಟು ದಿನ ಕೂರಬೇಕು. ಹೊಟ್ಟೆಯಲ್ಲಿ ಮೊಟ್ಟೆ ಕಟ್ಟಿರುವಾಗ ಒರಟಾಗಿ ಹಿಡಿದರೆ ಒಳಗೇ ಒಡೆಯುತ್ತದೆ, ಆದ್ದರಿಂದ ಮೊಟ್ಟೆಯ ಕಾಲದಲ್ಲಿ ಬೆಳಗ್ಗೆ ಹಿಡಿಯುವುದನ್ನು ಬಿಟ್ಟುಬಿಡುತ್ತಾರೆ. ಮರಿ ಎತ್ತಿಕೊಂಡಿರೋ, ಅದು ಕೀಚುತ್ತದೆ, ತಾಯಿ ನಿಮ್ಮ ಮುಖಕ್ಕೇ ಹಾರುತ್ತದೆ. ತಾಯಿಗೆ ಮರಿಯ ಗುರುತು ಆ ಕೀಚುವ ದನಿಯೇ. ಜರ್ಮನಿಯಲ್ಲಿ ಷ್ಲೈಟ್ ದಂಪತಿ 1960ರ ಹೊತ್ತಿಗೆ ಮಾಡಿದ ಪ್ರಯೋಗದಲ್ಲಿ, ಕಿವಿ ಕೇಳದ ಹೇಂಟೆಗಳು ತಮ್ಮದೇ ಮರಿಗಳನ್ನು ಶತ್ರುವೆಂದು ಕುಕ್ಕಿ ಕೊಂದವು. ಎದೆ ಝಲ್ಲೆನ್ನುತ್ತದೆ ಓದಿದರೆ. ಮೊಟ್ಟೆಯ ಇನ್ನೊಂದು ಬೆರಗು ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಸರ್ಕಾರಿ ಸಂಶೋಧನಾ ಕೇಂದ್ರದ್ದು. ಅಲ್ಲಿ ಮಾರ್ಲೋ ಓಲ್ಸೆನ್ 1952ರಲ್ಲಿ ಗಂಡಿನ ಸಂಗವೇ ಇಲ್ಲದ ಹೇಂಟೆಗಳ ಮೊಟ್ಟೆಗಳನ್ನು ಪರೀಕ್ಷಿಸಿದಾಗ ಒಳಗೆ ಭ್ರೂಣ ಬೆಳೆಯುತ್ತಿತ್ತು. ಮುಂದೆ ಕೆಲವು ಮರಿಯಾಗಿ ಹೊರಬಂದು, ಬೆಳೆದು, ತಂದೆಯೂ ಆದವು! ತಂದೆಯಿಲ್ಲದೆ ಹುಟ್ಟಿದ ಅಷ್ಟೂ ಮರಿಗಳು ಗಂಡೇ. ಹಕ್ಕಿಗಳಲ್ಲಿ ಎರಡು ಬಗೆಯ ವರ್ಣತಂತು ಹೊತ್ತದ್ದು ಹೆಣ್ಣು, ಒಂದೇ ಬಗೆಯ ಜೋಡಿ ಹೊತ್ತದ್ದು ಗಂಡು. ಮೊಟ್ಟೆ ತನ್ನ ಒಂಟಿ ವರ್ಣತಂತುವನ್ನೇ ಇಮ್ಮಡಿ ಮಾಡಿಕೊಂಡಾಗ ಬದುಕಬಲ್ಲ ಜೋಡಿ ಗಂಡಿನದು ಮಾತ್ರ.

ಮರಿಯನ್ನು ಹೇಗೆ ಮುಟ್ಟುತ್ತೀರಿ ಎಂಬುದೇ ಮುಂದಿನ ಐದಾರು ವರ್ಷಗಳನ್ನು ನಿರ್ಧರಿಸುತ್ತದೆ ಎಂದು ಒಡತಿ ಹೇಳಿದರು. ಮೊದಲ ವಾರದಲ್ಲಿ ದಿನವೂ ಅಂಗೈಯಲ್ಲಿ ಕಾಳು ತಿಂದ ಮರಿಗೆ ಮನುಷ್ಯನ ಕೈ ಎಂದರೆ ಆಹಾರ. ಆದರೆ ಹುಂಜದ ಮರಿಯನ್ನು ಅತಿ ಮುದ್ದು ಮಾಡಬಾರದು. ಅದು ಮನುಷ್ಯನನ್ನು ತನ್ನ ಜಾತಿಯವನೆಂದೇ ತಿಳಿದು ವಸಂತ ಬಂದಾಗ ಕಾಲು ಕೆರೆದು ಸೆಣಸಲು ನಿಲ್ಲುತ್ತದೆ, ಬೆನ್ನು ತಿರುಗಿಸಿದರೆ ಒದೆಯುತ್ತದೆ. ಆ ಗೆರೆ ಎಲ್ಲಿದೆಯೆಂದು ಯಾವ ಪುಸ್ತಕವೂ ಹೇಳುವುದಿಲ್ಲ, ಹಕ್ಕಿಯೇ ಹೇಳಬೇಕು. ನನ್ನ ಮಟ್ಟಿಗೆ ತಳಿ ಉಳಿಸುವುದೆಂದರೆ ಮೊಟ್ಟೆ ಉಳಿಸುವುದಷ್ಟೇ ಅಲ್ಲ, ಈ ತಿಳಿವಳಿಕೆಯಿರುವ ಕೈಗಳನ್ನೂ ಉಳಿಸುವುದು. 1997ರ ಎಣಿಕೆಯಲ್ಲಿ ಹಕ್ಕಿಗಳು ಸಿಕ್ಕವು. ಹಿಡಿಯಬಲ್ಲವರನ್ನು ಯಾರೂ ಎಣಿಸಲಿಲ್ಲ.

ಕರ್ನಾಟಕದಲ್ಲೂ ತೋಟಗಳಲ್ಲಿ, ಹಿತ್ತಿಲುಗಳಲ್ಲಿ ಟರ್ಕಿ ಸಾಕುವವರು ಅನೇಕರಿದ್ದಾರೆ. ಅವರಿಗೊಂದು ಮಾತು. ನಾಟಿ ಕೋಳಿ ಓಡಾಡಿದ ನೆಲದಲ್ಲಿ ಟರ್ಕಿಯನ್ನು ಬಿಡಬೇಡಿ. ಕೋಳಿಯ ಹೊಟ್ಟೆಯ ಹುಳುವಿನ ಮೊಟ್ಟೆಯಲ್ಲಿ ಅಡಗಿ ಬರುವ ರೋಗಾಣು ಕೋಳಿಗೆ ಏನೂ ಮಾಡದೆ ಇರಬಹುದು, ಟರ್ಕಿಯ ಯಕೃತ್ತನ್ನು ಕೊರೆದು ಕೊಲ್ಲುತ್ತದೆ. ಹಗಲಲ್ಲಿ ಅಟ್ಟಾಡಿಸಬೇಡಿ, ಮಕ್ಕಳಿಗೂ ಬಿಡಬೇಡಿ. ಕಾಲು ಕಟ್ಟಿ ತಲೆಕೆಳಗಾಗಿ ಸಂತೆಗೆ ಒಯ್ಯಬೇಡಿ. ಹಿಡಿಯಲೇಬೇಕಾದರೆ ಸಂಜೆ ಅದು ಕೂರುವ ತನಕ ಕಾದು, ಕತ್ತಲು ಗಟ್ಟಿಯಾದ ಮೇಲೆ ಹೋಗಿ, ಎದೆಯ ಕೆಳಗೆ ಒಂದು ಕೈ ಕೊಟ್ಟು ಮೇಲಕ್ಕೆ ಎತ್ತಿ.